ನಾನೂರು ರೂಪಾಯಿಯ ಟೋಪಿ ಲೆಕ್ಕ

ಉಲ್ಲನ್ ಟೋಪಿ ಹೆಣೆಯುವುದು ಹೇಗೆ ಎಂದು ತಿಳಿಸುವ ನಾಲ್ಕು ಪುಟದ ಪಿಡಿಎಫ್‌ಗೆ 400 ರೂಪಾಯಿ ಕೊಟ್ಟೆ ಎಂದರೆ ಕೇಳಿದವರೆಲ್ಲ ಹೇಳುವ ಮಾತು ಒಂದೇ: ‘ನಿಮಗೆ ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ!’ ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುವುದಕ್ಕೆ ದುಡ್ಡೇಕೆ ಎನ್ನುವುದು ಅವರ ಪ್ರಶ್ನೆ. ಪ್ರಶ್ನೆ ಸಹಜವೇ. ಆದರೆ ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ಕುಳಿತು, ಕಣ್ಣಿಗೆ ಕಾಣದ ಕೆಲಸವನ್ನೇ ಮಾರಿ ಬದುಕುವ ನಮ್ಮಂಥವರು ಆ 400 ರೂಪಾಯಿಗೆ ಬಂದದ್ದೇನು ಎಂದು ಒಮ್ಮೆ ಲೆಕ್ಕ ಹಾಕಬೇಕು.

ಟೋಪಿ ಬೇಕಾಗಿದ್ದುದು ಧಾರವಾಡದಲ್ಲಿರುವ ಅಪ್ಪನಿಗೆ, ಚಳಿಗಾಲದ ಬೆಳಗಿನ ವಾಕಿಂಗಿಗೆ. ಕೊಂಡ ವಿನ್ಯಾಸದಲ್ಲಿ ದಪ್ಪ ಉಲ್ಲನ್‌ಗೆ 10 ಸೆಂಟಿಮೀಟರಿಗೆ 14 ಹೊಲಿಗೆ, ಸುತ್ತಿಗೆ ಒಟ್ಟು 72 ಹೊಲಿಗೆ ಎಂದಿತ್ತು. ಅಂದರೆ ಸುಮಾರು 51 ಸೆಂಟಿಮೀಟರ್ ಸುತ್ತಳತೆ. ಪುಣೆಯ ಅಂಗಡಿಯಲ್ಲಿ ನನಗೆ ಸಿಕ್ಕಿದ ಉಲ್ಲನ್ ಅದಕ್ಕಿಂತ ಸಣ್ಣದು. ಮೊದಲು ಅಂಗೈಯಗಲದ ತುಂಡೊಂದನ್ನು ಹೆಣೆದು ಅಳೆದಾಗ 10 ಸೆಂಟಿಮೀಟರಿಗೆ 16 ಹೊಲಿಗೆ ಬಂತು. ವಿನ್ಯಾಸದಲ್ಲಿದ್ದಂತೆಯೇ 72ಕ್ಕೆ ನಿಲ್ಲಿಸಿದ್ದರೆ ಟೋಪಿ 45 ಸೆಂಟಿಮೀಟರ್ ಆಗುತ್ತಿತ್ತು. ಅಪ್ಪನ ತಲೆ 57. ಟೋಪಿ ತಲೆಗಿಂತ ನಾಲ್ಕೈದು ಸೆಂಟಿಮೀಟರ್ ಚಿಕ್ಕದಿದ್ದರೆ ಹಿಡಿದು ಕೂರುತ್ತದೆ. ಹನ್ನೆರಡು ಕಡಿಮೆಯಾದರೆ ಮೊಮ್ಮಗನ ಕುಲಾವಿಯಾಗುತ್ತದೆ.

ಇನ್ನೊಂದು ಲೆಕ್ಕ ಇನ್ನೂ ಸೊಗಸಾದದ್ದು. ಟೋಪಿಯನ್ನು ನೆತ್ತಿಯಿಂದ ಶುರುಮಾಡಿದರೆ ಮೊದಲ ಸುತ್ತಿಗೆ 6 ಹೊಲಿಗೆ, ಆಮೇಲೆ 12, 18, 24 ಎಂದು ಪ್ರತಿ ಸುತ್ತಿಗೂ ಆರಾರು ಹೆಚ್ಚಬೇಕು. ಆರೇ ಏಕೆ? ವೃತ್ತದ ತ್ರಿಜ್ಯ ಒಂದು ಹೊಲಿಗೆಯಷ್ಟು ಬೆಳೆದರೆ ಸುತ್ತಳತೆ ಆರು ಚಿಲ್ಲರೆ ಹೊಲಿಗೆಯಷ್ಟು ಬೆಳೆಯುತ್ತದೆ. ಶಾಲೆಯಲ್ಲಿ ಕಲಿತ ಎರಡು ಪೈ ಇದೇ. ಸಿಂಗಲ್ ಕ್ರೋಶಾ ಹೊಲಿಗೆಯ ಎತ್ತರ, ಅಗಲ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಈ ಲೆಕ್ಕ ನಡೆಯುತ್ತದೆ. ಹೀಗಾಗಿ ನಾನು ಎರಡು ಸುತ್ತು ಹೆಚ್ಚು ಬೆಳೆಸಿ 84 ಹೊಲಿಗೆಗೆ ನಿಲ್ಲಿಸಿದೆ, ಸುತ್ತಳತೆ 52.5 ಸೆಂಟಿಮೀಟರ್. ನೂಲು ಸಣ್ಣದಾದ್ದರಿಂದ ಎತ್ತರಕ್ಕೂ ಕೆಲವು ಸುತ್ತು ಸೇರಿಸಿದೆ. ಕಿವಿ ಮುಚ್ಚಲು ಎರಡು ಪಟ್ಟಿಗಳನ್ನು ನಾನೇ ಜೋಡಿಸಿದೆ.

ಇಷ್ಟೆಲ್ಲ ಬದಲಾಯಿಸಿದ ಮೇಲೆ ಕೊಂಡದ್ದೇಕೆ ಎಂದು ಕೇಳಬಹುದು. ಬದಲಾಯಿಸಲು ಸಾಧ್ಯವಾದದ್ದೇ ಅದು ಸರಿಯಾಗಿ ಬರೆದ ವಿನ್ಯಾಸವಾಗಿದ್ದರಿಂದ. ಅಳತೆ ಕೊಟ್ಟಿದ್ದರು, ಯಾವ ಸುತ್ತಿನಲ್ಲಿ ಏನೆಂದು ಬರೆದಿದ್ದರು. ‘ಡಬಲ್ ಕ್ರೋಶಾ’ ಎಂದರೆ ಅಮೆರಿಕದಲ್ಲಿ ಒಂದು ಹೊಲಿಗೆ, ಬ್ರಿಟನ್ನಿನಲ್ಲಿ ಇನ್ನೊಂದು. ಇಲ್ಲಿ ಯಾವುದೆಂದು ಮೊದಲ ಪುಟದಲ್ಲೇ ತಿಳಿಸಿದ್ದರು. ಯಾರೋ ಹಲವು ಸಲ ಹೆಣೆದು, ಬಿಚ್ಚಿ, ಎಣಿಸಿದ ಶ್ರಮ ಆ ನಾಲ್ಕು ಪುಟಗಳಲ್ಲಿದೆ. ನಾನು ಕೊಂಡದ್ದು ಆ ಶ್ರಮವನ್ನು.

ನಾನಿರುವ ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ ಟೋಪಿಯ ಫೋಟೊ ನೋಡಿದವರು ಮೊದಲು ಕೇಳಿದ್ದು, ‘ಪಿಡಿಎಫ್ ಹಾಕ್ರೀ’ ಎಂದು. ನಾನು ಹಾಕಲಿಲ್ಲ, ‘ಜಿಪುಣತನ’ ಎಂಬ ಮಾತೂ ಬಂತು. ಗೆರೆ ಎಲ್ಲಿದೆ ಎಂಬುದು ಸ್ಪಷ್ಟವಾಗಿರಲಿ. ಹೊಲಿಗೆಗಳು ಯಾರ ಸ್ವತ್ತೂ ಅಲ್ಲ. ಆರಾರು ಹೆಚ್ಚಿಸುವ ಗಣಿತವೂ ಅಲ್ಲ. ಅದನ್ನು ಯಾರಿಗಾದರೂ ಕೂರಿಸಿಕೊಂಡು ಕಲಿಸುತ್ತೇನೆ. ಆದರೆ ಬರೆದ ಪುಟ, ತೆಗೆದ ಚಿತ್ರ ಬರೆದವರದ್ದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯೂ ಬರಹ, ಚಿತ್ರಗಳಿಗೆ ರಕ್ಷಣೆ ಕೊಡುತ್ತದೆ. 400 ರೂಪಾಯಿ ಎಲ್ಲರಿಗೂ ಹಗುರವಲ್ಲ ಎಂಬುದು ನಿಜ. ಅಂಥವರಿಗೆ, ರಚಿಸಿದವರೇ ಉಚಿತವಾಗಿ ಕೊಟ್ಟ ವಿನ್ಯಾಸಗಳು ಬೇಕಾದಷ್ಟಿವೆ. ಓಪನ್ ಸೋರ್ಸ್ ತಂತ್ರಾಂಶ ಬಳಸುವ ನಮಗೆ ಇದು ಹೊಸದೇನಲ್ಲ: ಉಚಿತವಾಗಿ ಕೊಡುವ ತೀರ್ಮಾನ ಮಾಡಿದವರದ್ದು, ಬಳಸುವವರದ್ದಲ್ಲ.

ಇದು ಯಾವುದೋ ದೇಶದ ವಿನ್ಯಾಸಗಾರರ ಮೇಲಿನ ಮಮತೆಯಿಂದ ಹೇಳುತ್ತಿರುವ ಮಾತಲ್ಲ. ಯಂತ್ರದಲ್ಲಿ ನಿಟಿಂಗ್ ಮಾಡಬಹುದು; ಆದರೆ ಅಂಗಡಿಗೆ ಬರುವ ನಿಜವಾದ ಕ್ರೋಶಾ ಬಟ್ಟೆ ಇವತ್ತಿಗೂ ಮನುಷ್ಯರ ಕೈಯಲ್ಲೇ ಆಗುವಂಥದ್ದು. ಆ ಕೈ ಬಹುತೇಕ ನಮ್ಮಂಥ ದೇಶದ ಹೆಣ್ಣುಮಕ್ಕಳದ್ದು. ಆಂಧ್ರದ ನರಸಾಪುರದಲ್ಲಿ ಕ್ರೋಶಾ ಲೇಸ್ ಹೆಣೆದು ವಿದೇಶಿ ಮಾರುಕಟ್ಟೆಗೆ ಕಳಿಸುತ್ತಿದ್ದ ಹೆಂಗಸರ ಬಗ್ಗೆ ಜರ್ಮನ್ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ 1982ರಲ್ಲೇ ಪುಸ್ತಕ ಬರೆದರು. ದಿನವಿಡೀ ದುಡಿಯುತ್ತಿದ್ದರೂ ಅವರನ್ನು ಕಾರ್ಮಿಕರೆಂದು ಯಾರೂ ಎಣಿಸಲಿಲ್ಲ. ಗೃಹಿಣಿಯರು ಬಿಡುವಿನಲ್ಲಿ ಮಾಡುವ ಕೆಲಸ ಎಂದೇ ಕೂಲಿ ಕೊಟ್ಟರು. ‘ಪುಕ್ಕಟೆ ಸಿಗೋದಕ್ಕೆ ದುಡ್ಡೇಕೆ’ ಎನ್ನುವ ಮಾತಿನ ಬೇರೂ ಇಲ್ಲೇ ಇದೆ. ಮನೆಯಲ್ಲಿ ಕೂತು ಮಾಡಿದ್ದಕ್ಕೆ ಬೆಲೆಯಿಲ್ಲ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ.

ನಮ್ಮ ಮನೆಗಳಲ್ಲೇ ನೋಡಿ. ಬಾಗಿಲ ತೋರಣ, ಟಿ.ವಿ. ಮೇಲಿನ ಹೊದಿಕೆ, ಕೂಸಿನ ಕುಲಾವಿ, ಸೀರೆಯ ಕುಚ್ಚು: ಅಜ್ಜಿ, ಅತ್ತೆ, ಚಿಕ್ಕಮ್ಮಂದಿರು ಬೆರಳ ತುದಿಯಲ್ಲೇ ಲೆಕ್ಕವಿಟ್ಟು ಹೆಣೆದರು. ಒಂದನ್ನೂ ಬರೆದಿಡಲಿಲ್ಲ. ಬರೆಯುವಂಥದ್ದು ಎಂದು ಅವರಿಗೆ ಯಾರೂ ಹೇಳಲಿಲ್ಲ. ಪುಣೆಯ ನನ್ನ ನೆರೆಮನೆಯ ಮರಾಠಿ ಕಾಕು ಸಾಖಳಿ, ಮುಕಾ ಖಾಂಬ್, ಖಾಂಬ್ ಎಂದು ತಮ್ಮ ಮಾತಿನಲ್ಲೇ ಹೊಲಿಗೆ ಹೇಳಿಕೊಡುತ್ತಾರೆ. ನಮಗೂ ಸರಪಳಿ, ಕಂಬ ಎಂದು ಬರೆಯಲು ಅಡ್ಡಿಯೇನಿಲ್ಲ. ಕುಚ್ಚು ಹಾಕುವವರ ಚೈನ್, ಲಾಕ್ ಕೂಡ ನಡೆಯುತ್ತದೆ.

ಈ ಕೆಲಸಕ್ಕೆ ಪರಊರಿನ ನಾವೇ ತಕ್ಕವರು. ಅಳತೆ, ದಾಖಲೆ, ಪರೀಕ್ಷೆ ನಮ್ಮ ದಿನದ ಉದ್ಯೋಗ. ಆನ್‌ಲೈನ್‌ನಲ್ಲಿ ಮಾರುವುದೂ ಗೊತ್ತು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಚಿಕ್ಕಮ್ಮನ ಪಕ್ಕದಲ್ಲಿ ಒಂದು ಮಧ್ಯಾಹ್ನ ಕೂರಿ. ಅವರು ಕುಲಾವಿ ಹೆಣೆಯುವಾಗ ಸುತ್ತು ಸುತ್ತಾಗಿ ಎಣಿಸಿ, ಟೇಪು ಹಿಡಿದು ಅಳೆದು, ಕನ್ನಡದಲ್ಲಿ ಬರೆದುಕೊಳ್ಳಿ. ಮೇಲೆ ಅವರ ಹೆಸರು ಹಾಕಿ. ಅವರು ಒಪ್ಪಿದರೆ, ಕೆಳಗೆ ಬೆಲೆಯನ್ನೂ ಹಾಕಿ.