ಹರಳು ಬದಲಿಸಿದ್ರೆ ಹಾಡು ಬದಲಾಗುತ್ತಾ?

ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿದ್ದ. ತನ್ನ ಹಳೇ ಸಿಡಿ ಪ್ಲೇಯರಿಗೆ ಹೊಸ ಕ್ಲಾಕ್ ಹಾಕಿಸ್ತಾನಂತೆ, ಖರ್ಚು ಹದಿನೆಂಟು ಸಾವಿರವಂತೆ. "ಹಾಕಿಸಿದ್ಮೇಲೆ ಮೃದಂಗದ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳ್ಸುತ್ತಂತೆ ಕಣೋ" ಅಂದ. ಪ್ಲೇಯರಿಗೆ ಅವನು ಕೊಟ್ಟಿದ್ದೇ ಇದರ ಅರ್ಧ! ಬೇಡ ಅಂದೆ. ಯಾಕೆ ಅಂದ. ಫೋನಿನಲ್ಲಿ ಮುಗಿಯದ ಜಗಳ ಇದು, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಸಿಡಿಯಲ್ಲಿ ಪ್ರತಿ ಚಾನೆಲ್ಲಿಗೆ ಸೆಕೆಂಡಿಗೆ 44,100 ಸ್ಯಾಂಪಲ್‌ಗಳು. ಅವು ಸಮನಾದ ಅಂತರದಲ್ಲಿ ಹೊರಬರಬೇಕಾದರೆ ಯಾರಾದರೂ ತಾಳ ಹಾಕಬೇಕಲ್ಲ, ಆ ಕೆಲಸ ಕ್ವಾರ್ಟ್ಜ್ ಹರಳಿನದು. ಹಳೇ ಪ್ಲೇಯರ್ ಬಿಚ್ಚಿದರೆ 11.2896 ಅಥವಾ 16.9344 ಮೆಗಾಹರ್ಟ್ಸ್ ಅಂತ ಬರೆದ ಪುಟ್ಟ ಲೋಹದ ಡಬ್ಬಿ ಕಾಣಬಹುದು. 44,100ರ 256 ಪಟ್ಟು, 384 ಪಟ್ಟು. ಪಕ್ಕದಲ್ಲಿ ಎರಡು ಪುಟಾಣಿ ಕೆಪಾಸಿಟರ್, ಚಿಪ್ ಒಳಗೊಂದು ಇನ್ವರ್ಟರ್. ಮಾಡಿಫಿಕೇಶನ್ ಅಂದ್ರೆ ಹರಳು, ಕೆಪಾಸಿಟರ್ ಎರಡನ್ನೂ ಕಿತ್ತು, ಚಿಪ್ಪಿನ ಇನ್‌ಪುಟ್ ಕಾಲಿಗೆ ಬೇರೆ ಆಸಿಲೇಟರಿನ ತಂತಿ ಬೆಸೆಯೋದು. ಅಷ್ಟೇ.

ಮಾರುವವರು ಮೊದಲು ಹೇಳೋದು ಪಿಪಿಎಂ ಲೆಕ್ಕ. "ನಿಮ್ಮದು 50 ಪಿಪಿಎಂ, ನಮ್ಮದು 1 ಪಿಪಿಎಂ ಸಾರ್!" ಸರಿ ಸ್ವಾಮಿ. 50 ಪಿಪಿಎಂ ತಪ್ಪಿದರೆ ಒಂದು ಗಂಟೆಯ ಕಛೇರಿ 0.18 ಸೆಕೆಂಡ್ ಹಿಂದೆಮುಂದೆ ಮುಗಿಯುತ್ತೆ. ಶ್ರುತಿ ಬದಲಾಗೋದು ಅರ್ಧ ಸ್ವರದ ಸಾವಿರದ ಒಂದು ಪಾಲಿಗಿಂತ ಕಮ್ಮಿ. ಇಷ್ಟು ಕರಾರುವಾಕ್ಕಾಗಿ ತಂಬೂರಿ ಶ್ರುತಿ ಮಾಡೋರನ್ನ ನಾನಂತೂ ಕಂಡಿಲ್ಲ.

ನಿಜವಾದ ಪ್ರಶ್ನೆ ಜಿಟರ್. ತಾಳದ ಒಂದೊಂದು ಪೆಟ್ಟೂ ಎಷ್ಟು ಅಲುಗಾಡುತ್ತೆ ಅನ್ನೋದು. ಇದಕ್ಕೂ ಪಿಪಿಎಂಗೂ ಸಂಬಂಧವೇ ಇಲ್ಲ. 16 ಬಿಟ್ ಸಿಡಿಯಲ್ಲಿ ಪೂರ್ತಿ ಜೋರಿನ 20 ಕಿಲೋಹರ್ಟ್ಸ್ ಸ್ವರಕ್ಕೂ ಜಿಟರಿನ ಗದ್ದಲ 16 ಬಿಟ್‌ನದೇ ಗದ್ದಲವನ್ನು ಮೀರಬಾರದು ಅಂದ್ರೆ ಸುಮಾರು 100 ಪಿಕೋಸೆಕೆಂಡ್ ಸಾಕು. ನೆಟ್ಟಗೆ ಕಟ್ಟಿದ ಸಾಧಾರಣ ಹರಳಿನ ಆಸಿಲೇಟರ್ ಇದರೊಳಗೇ ಇರುತ್ತೆ. ಇನ್ನು ಕಿವಿಯ ವಿಷಯ. 1998ರಲ್ಲಿ ಬೆಂಜಮಿನ್ ಮತ್ತು ಗ್ಯಾನನ್ ಪರೀಕ್ಷೆ ಮಾಡಿದಾಗ ಸಂಗೀತದಲ್ಲಿ ಜಿಟರ್ ಗೊತ್ತಾಗೋಕೆ ಕಡಿಮೆ ಅಂದ್ರೂ 20 ನ್ಯಾನೋಸೆಕೆಂಡ್ ಬೇಕಾಯ್ತು. ಅಂದ್ರೆ ಆ ನೂರರ ಇನ್ನೂರು ಪಟ್ಟು! ಹೀಗಿರುವಾಗ ಫೆಮ್ಟೋಸೆಕೆಂಡ್ ಕ್ಲಾಕ್ ಯಾರ ಕಿವಿಗೆ?

ಇನ್ನೂ ದುಡ್ಡಿರೋರಿಗೆ ಹೊರಗಿಂದ 10 ಮೆಗಾಹರ್ಟ್ಸ್ ರುಬಿಡಿಯಂ ಕ್ಲಾಕ್ ಮಾರ್ತಾರೆ, 'ಅಣು ಗಡಿಯಾರ' ಅಂತ. 10 ಮೆಗಾಹರ್ಟ್ಸ್‌ನಿಂದ 11.2896 ಮಾಡೋಕೆ 3528ರಿಂದ ಗುಣಿಸಿ 3125ರಿಂದ ಭಾಗಿಸಬೇಕು. ಅದಕ್ಕೆ ಪ್ಲೇಯರಿನೊಳಗೆ ಮತ್ತೊಂದು ಪಿಎಲ್ಎಲ್ ಬೇಕು, ಅದರಲ್ಲಿ ಮತ್ತೊಂದು ಆಸಿಲೇಟರ್. ಜಿಟರಿನ ಬಹುಪಾಲನ್ನು ಕೊನೆಗೆ ತೀರ್ಮಾನಿಸೋದು ಆ ಒಳಗಿನದೇ. ರುಬಿಡಿಯಂ ದೊಡ್ಡಪ್ಪ ಹೊರಗೆ ಕೂತು ಬಿಸಿಯಾಗ್ತಿರ್ತಾನೆ.

ನಾನೇನು ಮಾಡಿ ನೋಡದೆ ಹೇಳ್ತಿಲ್ಲ. ಒಂದೇ ಮಾಡೆಲಿನ ಎರಡು ಪ್ಲೇಯರ್ ಇದ್ದವು, ಒಂದಕ್ಕೆ ಎಸ್.ಪಿ. ರೋಡಿನಿಂದ ಸಾಮಾನು ತಂದು ಹೊಸ ಕ್ಲಾಕ್ ಬೆಸೆದೆ. ಆಹಾ, ಏನು ಸ್ಪಷ್ಟತೆ! ಎರಡು ವಾರ ಸಿಕ್ಕಸಿಕ್ಕವರಿಗೆಲ್ಲ ಕೊರೆದೆ. ಕೊನೆಗೆ ಬೇಸತ್ತ ಹೆಂಡತಿ "ನಾನು ಬದಲಾಯಿಸ್ತೀನಿ, ಯಾವುದು ಅಂತ ನೋಡದೆ ಹೇಳಿ" ಅಂದಳು. ಹನ್ನೆರಡು ಸಲದಲ್ಲಿ ಏಳು ಸರಿ. ನಾಣ್ಯ ಚಿಮ್ಮಿದರೂ ಅಷ್ಟು ಬಂದೀತು. ಅವತ್ತು ಊಟ ಸೇರಲಿಲ್ಲ.

ಹಾಗಂತ ಹರಳು ಮುಟ್ಟಲೇಬಾರದು ಅಂತಲ್ಲ. ಹರಳು ಕೆಟ್ಟಿದ್ದರೆ ಬದಲಿಸಲೇಬೇಕು, ಅದು ರಿಪೇರಿ. ಡಿಸ್ಕ್ ತಿರುಗಿಸೋ ಮೋಟಾರಿಗೂ ಕ್ಲಾಕಿಗೂ ಒಂದೇ ಸಪ್ಲೈ ಇದ್ದರೆ, ಕ್ಲಾಕ್ ತಂತಿ ಬೋರ್ಡಿನುದ್ದ ಸುತ್ತಾಡಿ ಡಿಎಸಿ ಸೇರುತ್ತಿದ್ದರೆ ಅಲ್ಲಿ ಕೆಲಸ ಇದೆ. ಬೇರೆ ರೆಗ್ಯುಲೇಟರ್, ಗಿಡ್ಡ ತಂತಿ, ಕೆಲವು ನೂರು ರೂಪಾಯಿ. ಅದನ್ನ ಬಿಟ್ಟು ಅದೇ ಹೊಲಸು 5 ವೋಲ್ಟಿಗೆ ದುಬಾರಿ ಮಾಡ್ಯೂಲ್ ತಗುಲಿಸಿ, ಅರ್ಧ ಅಡಿ ತಂತಿ ಎಳೆದರೆ ಮೊದಲಿಗಿಂತ ಕೆಡೋದೇ ಹೆಚ್ಚು. ಬೋರ್ಡಿನ ತಾಮ್ರ ಕಿತ್ತು ಬಂದರಂತೂ ಮುಗೀತು.

ಗೆಳೆಯನಿಗೆ ಒಂದೇ ಮಾತು ಹೇಳಿದ್ದೆ. 11,025 ಹರ್ಟ್ಸ್‌ನ ಒಂದೇ ಸ್ವರ ನುಡಿಸಿ, ಕ್ಲಾಕ್ ಬದಲಿಸುವ ಮುಂಚಿನ ಸ್ಪೆಕ್ಟ್ರಮ್, ಆಮೇಲಿನ ಸ್ಪೆಕ್ಟ್ರಮ್ ಎರಡನ್ನೂ ಕೇಳು ಅಂತ. ಜಿಟರ್ ಇದ್ದರೆ ಆ ಸ್ವರದ ಎಡಬಲಕ್ಕೆ ಮುಳ್ಳುಗಳು ಏಳ್ತವೆ, ಮುಚ್ಚಿಡೋಕಾಗಲ್ಲ. ಕೇಳಿದ್ದಕ್ಕೆ "ಗ್ರಾಫ್ ನೋಡ್ಕೊಂಡು ಹಾಡು ಕೇಳ್ತೀರಾ ಸಾರ್?" ಅಂದನಂತೆ ಅಂಗಡಿಯಾತ. ಗೆಳೆಯ ಇನ್ನೂ ಯೋಚಿಸ್ತಿದ್ದಾನೆ. ಆ ಎರಡು ಗ್ರಾಫ್ ಸಿಕ್ಕಿದ ದಿನ ಇಲ್ಲೇ ಹಾಕ್ತೀನಿ.