ಹೆರಿಗೆಗೆ ಆಸ್ಪತ್ರೆ ಇದೆ, ರಾತ್ರಿ ಎರಡು ಗಂಟೆಗೆ ಡಾಕ್ಟರ್ ಇದ್ದಾರಾ?

ಚಿಕ್ಕಬಳ್ಳಾಪುರ: ಹೆರಿಗೆ ಅಂದ್ರೆ ಈಗ ಆಸ್ಪತ್ರೆನೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಪ್ರಕಾರ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗ್ತಿವೆ. ಆಶಾ ಕಾರ್ಯಕರ್ತೆಯರು ಮನೆಮನೆ ಸುತ್ತಿದ್ದಕ್ಕೆ, ತಾಯಿ ಕಾರ್ಡ್ ಮತ್ತು 108 ಬಂದಿದ್ದಕ್ಕೆ ಸಿಕ್ಕಿರೋ ಫಲ ಇದು.

ಆದ್ರೆ ಇನ್ನೊಂದು ಲೆಕ್ಕ ನೋಡಿ. 2018-20ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸತ್ತಿದ್ದಾರೆ. ತಮಿಳುನಾಡಿನಲ್ಲಿ 54, ಆಂಧ್ರದಲ್ಲಿ 45, ತೆಲಂಗಾಣದಲ್ಲಿ 43, ಕೇರಳದಲ್ಲಿ 19. ಮುಂದಿನ ಲೆಕ್ಕದಲ್ಲಿ ನಮ್ಮದು 63ಕ್ಕೆ ಇಳಿದರೂ ದಕ್ಷಿಣದ ಐದು ರಾಜ್ಯಗಳಲ್ಲಿ ನಾವೇ ಕೊನೆ. ಗೌರಿಬಿದನೂರಿನವರು ಹಿಂದೂಪುರಕ್ಕೆ, ಚಿಂತಾಮಣಿಯವರು ಮದನಪಲ್ಲಿಗೆ ವ್ಯಾಪಾರಕ್ಕೆ ಹೋಗಿ ಬರ್ತಾನೇ ಇರ್ತಾರೆ. ಗಡಿಯಾಚೆಗಿಂತ ಈಚೆ ಬಾಣಂತಿ ಸಾವು ಜಾಸ್ತಿ ಅನ್ನೋದು ನಾವು ಯೋಚಿಸಬೇಕಾದ ವಿಷಯ.

ಬಳ್ಳಾರಿ ಆದ ಮೇಲೆ

2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರಾದ ಮೇಲೊಬ್ಬರು ತೀರಿಕೊಂಡರು. ಗ್ಲೂಕೋಸ್ ಥರ ಏರಿಸೋ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು. ಆಮೇಲೆ ಸರ್ಕಾರ ಆ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಆದ 464 ತಾಯಂದಿರ ಸಾವಿನ ಆಡಿಟ್ ಮಾಡಿಸಿತು. ನೂರಕ್ಕೆ 70ರಷ್ಟು ಸಾವು ತಡೆಯಬಹುದಾಗಿತ್ತು ಅಂತ ವರದಿ ಹೇಳಿತು. ಅಂದ್ರೆ ದ್ರಾವಣ ಒಂದೇ ಕಾರಣ ಅಲ್ಲ. ಬೇಕಾದಾಗ ಬೇಕಾದ ಚಿಕಿತ್ಸೆ ಸಿಗದೇ ಇರೋದೂ ಕಾರಣ.

ಹೆರಿಗೆ ಆದ ಮೇಲೆ ರಕ್ತಸ್ರಾವ ನಿಲ್ಲದಿದ್ದರೆ ಎರಡು ಗಂಟೆಯೊಳಗೇ ಜೀವ ಹೋಗಬಹುದು. ಇದೇ ಸಮೀಕ್ಷೆ ಪ್ರಕಾರ ರಾಜ್ಯದ ಗರ್ಭಿಣಿಯರಲ್ಲಿ ಸುಮಾರು ನೂರಕ್ಕೆ 45 ಮಂದಿಗೆ ರಕ್ತಹೀನತೆ ಇದೆ. ಮೊದಲೇ ರಕ್ತ ಕಮ್ಮಿ ಇರೋ ಹೆಣ್ಣುಮಗಳು ಸ್ವಲ್ಪ ಹೋದರೂ ತಡೆಯಲ್ಲ. ಅಂಥವರನ್ನ ಪಿಎಚ್‌ಸಿಯಿಂದ ತಾಲೂಕಿಗೆ, ತಾಲೂಕಿನಿಂದ ಚಿಕ್ಕಬಳ್ಳಾಪುರಕ್ಕೆ, ಅಲ್ಲಿಂದ ಬೆಂಗಳೂರಿಗೆ 'ರೆಫರ್' ಮಾಡಿದರೆ ಆ ಎರಡು ಗಂಟೆ ದಾರಿಯಲ್ಲೇ ಮುಗಿಯುತ್ತೆ. ಶಿಡ್ಲಘಟ್ಟದವರಿಗೆ ಜಿಲ್ಲಾ ಕೇಂದ್ರ ಹತ್ತಿರ. ಚಿಂತಾಮಣಿ, ಗೌರಿಬಿದನೂರಿನ ಹಳ್ಳಿಗಳಿಂದ ಹೊರಟವರಿಗೆ ಹಾಗಲ್ಲ.

ಸೂಲಗಿತ್ತಿ ಹೋದಳು, ಜಾಗಕ್ಕೆ ಯಾರು?

ಗೌರಿಬಿದನೂರಿನ ಪಕ್ಕದ ಮಧುಗಿರಿ ದಾಟಿದರೆ ಪಾವಗಡ. ಅಲ್ಲಿನ ಸೂಲಗಿತ್ತಿ ನರಸಮ್ಮ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಅವರ ಕಾಲ ವಾಪಸ್ ಬರಲಿ ಅಂತ ಯಾರೂ ಕೇಳ್ತಿಲ್ಲ, ಕೇಳಲೂಬಾರದು. ಆದ್ರೆ ನೋವು ಶುರುವಾದಾಗಿಂದ ಕೊನೆವರೆಗೂ ಪಕ್ಕದಲ್ಲೇ ಕೂತಿರ್ತಿದ್ದ ಆ ಹೆಂಗಸಿನ ಜಾಗ ಆಸ್ಪತ್ರೆಯಲ್ಲಿ ಖಾಲಿ ಇದೆ. ಒಬ್ಬ ನರ್ಸ್ ಹೆರಿಗೆ ಕೋಣೆ, ವಾರ್ಡು, ರಿಜಿಸ್ಟರು ಮೂರನ್ನೂ ನೋಡಬೇಕಾದರೆ ಯಾರ ಪಕ್ಕ ಕೂರ್ತಾರೆ?

ಕೇಂದ್ರ ಸರ್ಕಾರವೇ 2018ರಲ್ಲಿ ನರ್ಸ್‌ಗಳಿಗೆ 18 ತಿಂಗಳ ತರಬೇತಿ ಕೊಟ್ಟು ಮಿಡ್‌ವೈಫ್ ಮಾಡೋ ಮಾರ್ಗಸೂಚಿ ತಂದಿದೆ. ಸಹಜ ಹೆರಿಗೆ ಅವರೇ ಮಾಡಿಸ್ತಾರೆ, ತೊಂದರೆ ಕಂಡ ತಕ್ಷಣ ಡಾಕ್ಟರನ್ನ ಕರೀತಾರೆ. ಇದು ಸಿಸೇರಿಯನ್ ತಗ್ಗಿಸೋಕೂ ದಾರಿ. ರಾಜ್ಯದ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 52ಕ್ಕೂ ಹೆಚ್ಚು ಹೆರಿಗೆ ಸಿಸೇರಿಯನ್, ಸರ್ಕಾರಿ ಆಸ್ಪತ್ರೆಯಲ್ಲಿ ಸುಮಾರು 22. ಸಾಲ ಮಾಡಿ ಬಿಲ್ ಕಟ್ಟಿದವರಿಗೆ ಈ ವ್ಯತ್ಯಾಸದ ಅರ್ಥ ಹೇಳಬೇಕಾಗಿಲ್ಲ.

ಇಬ್ಬರು, ಇಬ್ಬರು, ಇಬ್ಬರು

ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಇಬ್ಬರು ಹೆರಿಗೆ ತಜ್ಞರು, ಇಬ್ಬರು ಅರಿವಳಿಕೆ ತಜ್ಞರು, ಇಬ್ಬರು ಮಕ್ಕಳ ತಜ್ಞರು ಇಟ್ಟು ದಿನದ 24 ಗಂಟೆಯೂ ಹೆರಿಗೆ ಸೇವೆ ಕೊಡ್ತೀವಿ ಅಂತ ರಾಜ್ಯ ಸರ್ಕಾರ ಹೇಳಿದೆ. ಹೆರಿಗೆ ಕಡಿಮೆ ಇರೋ ಸಮುದಾಯ ಆರೋಗ್ಯ ಕೇಂದ್ರಗಳ ತಜ್ಞರನ್ನ ಇದಕ್ಕೆ ತರೋ ಯೋಚನೆ. ಹೋಬಳಿ ಜನರಿಗೆ ಇದು ನಷ್ಟ ಅನ್ನಿಸೋದು ಸಹಜ. ಆದ್ರೆ ಅರಿವಳಿಕೆ ಡಾಕ್ಟರ್ ಇಲ್ಲದ ಕಡೆ ಹೆರಿಗೆ ಡಾಕ್ಟರ್ ಒಬ್ಬರೇ ಇದ್ದು ಸಿಸೇರಿಯನ್ ಮಾಡೋಕಾಗಲ್ಲ. ಒಂದು ಕಡೆಯಾದರೂ ಪೂರ್ತಿ ತಂಡ ಇರೋದೇ ಮೇಲು. ಇಬ್ಬರಲ್ಲಿ ಒಬ್ಬರು ರಜೆ ಹಾಕಿದರೆ ರಾತ್ರಿಗೆ ಯಾರು ಅನ್ನೋದಕ್ಕೆ ಮಾತ್ರ ಮೊದಲೇ ಉತ್ತರ ಇರಬೇಕು.

ಕಟ್ಟಡ ಉದ್ಘಾಟನೆಗೆ ಬ್ಯಾನರ್ ಕಟ್ಟೋ ನಾವು ಇದನ್ನ ಕೇಳಲ್ಲ. ಕೆಡಿಪಿ ಸಭೆಗೆ ಹೋಗೋ ನಿಮ್ಮ ಪ್ರತಿನಿಧಿಗೆ, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಸದಸ್ಯರಿಗೆ ಮೂರೇ ಪ್ರಶ್ನೆ ಹಾಕಿ. ಈ ತಿಂಗಳ ರಾತ್ರಿ ಡ್ಯೂಟಿ ಪಟ್ಟಿಯಲ್ಲಿ ಅರಿವಳಿಕೆ ತಜ್ಞರ ಹೆಸರು ಎಷ್ಟು ದಿನ ಇದೆ? ಆಸ್ಪತ್ರೆಯಲ್ಲೇ ರಕ್ತ ಸಿಗುತ್ತಾ? ಕಳೆದ ತಿಂಗಳು ಎಷ್ಟು ಜನರನ್ನ ರೆಫರ್ ಮಾಡಿದ್ರು, ಯಾಕೆ?

ನಿಮ್ಮ ಮನೆಯಲ್ಲಿ ಗರ್ಭಿಣಿ ಇದ್ದರೆ ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ತಪಾಸಣೆ ಇರುತ್ತೆ, ಕರ್ಕೊಂಡು ಹೋಗಿ. ರಕ್ತದ ಪ್ರಮಾಣ ಎಷ್ಟು ಅಂತ ಕೇಳಿ, ತಾಯಿ ಕಾರ್ಡ್‌ನಲ್ಲಿ ಬರೆಸಿಕೊಳ್ಳಿ. ರೇಷ್ಮೆ ಫಿಲೇಚರ್‌ನಲ್ಲಿ, ತೋಟದಲ್ಲಿ ಕೂಲಿಗೆ ಹೋಗೋ ಹೆಣ್ಣುಮಕ್ಕಳಿಗೆ ಆ ಒಂದು ದಿನ ಮಾಲೀಕರು ಸಂಬಳ ಹಿಡಿಯದೆ ರಜೆ ಕೊಟ್ಟರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.