ಬಿ.ಎ. ಓದುವವರಿಗೂ ಕನ್ನಡದ ಮುಕ್ತ ಪಠ್ಯ ಬೇಕು

ಅತಿಥಿ ಉಪನ್ಯಾಸಕನಾಗಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಡಿಗ್ರಿ ಕಾಲೇಜುಗಳಲ್ಲಿ ಸಮಾಜಶಾಸ್ತ್ರ ಕಲಿಸುತ್ತ ಬಂದಿದ್ದೇನೆ. ಸೆಮಿಸ್ಟರ್ ಶುರುವಾದ ವಾರ ಎಲ್ಲೆಡೆ ಕೇಳಿಬರುವುದು ಒಂದೇ ಮಾತು: "ಸರ್, ಯಾವ ಬುಕ್ ತಗೋಬೇಕ್ರಿ?"

2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂದಾಗ ಪಠ್ಯಕ್ರಮ ಬದಲಾಯಿತು. 2024ರಲ್ಲಿ ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದಾಗ ಮತ್ತೆ ಬದಲಾಯಿತು. ಅಕ್ಕ ಕೊಂಡ ಪುಸ್ತಕ ತಂಗಿಗೆ ನಡೆಯದಂತಾಯಿತು. ಕುಟುಂಬ, ಜಾತಿ, ಸಾಮಾಜೀಕರಣದ ಪಾಠಗಳು ಅವೇ. ಅಧ್ಯಾಯಗಳ ಕ್ರಮ ಬೇರೆ, ರಕ್ಷಾಪುಟ ಬೇರೆ. ಕೂಲಿ ಮಾಡುವ ಮನೆಯವರು ಅದಕ್ಕೇ ಮತ್ತೆ ದುಡ್ಡು ಹೊಂದಿಸಬೇಕು. ಹೊಂದಿಸಲಾಗದವರು ಐದು ಅಂಕ, ಹತ್ತು ಅಂಕದ ಉತ್ತರಗಳಿರುವ ಗೈಡಿನ ಜೆರಾಕ್ಸ್ ಹಿಡಿದು ಬರುತ್ತಾರೆ. ಅಂಚಿನ ಸಾಲುಗಳು ಕತ್ತರಿಸಿಹೋಗಿರುತ್ತವೆ.

ಹಾಗೆಂದು ಅಚ್ಚಿನ ಪುಸ್ತಕ ಬೇಡವೆನ್ನುವವನು ನಾನಲ್ಲ. ಗೆರೆ ಎಳೆದು, ಮೂಲೆ ಮಡಚಿ ಓದಿದ್ದು ತಲೆಯಲ್ಲಿ ಉಳಿಯುತ್ತದೆ. ಮನೆಮಂದಿಗೆಲ್ಲ ಒಂದೇ ಮೊಬೈಲ್ ಇರುವಲ್ಲಿ ಪಿಡಿಎಫ್ ಓದುವುದು ಸುಲಭವಲ್ಲ.

ಪುಕ್ಕಟೆ ಪುಸ್ತಕಗಳಿಗೆ ಜಗತ್ತಿನಲ್ಲಿ ಕೊರತೆಯಿಲ್ಲ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟಾಕ್ಸ್ 2012ರಲ್ಲೇ ಸಮಾಜಶಾಸ್ತ್ರದ ಪಠ್ಯವನ್ನು ಅಂತರ್ಜಾಲದಲ್ಲಿ ಇಟ್ಟಿತು. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ (ಇಗ್ನೊ) ಪಾಠಗಳು ಇ-ಜ್ಞಾನಕೋಶ ಜಾಲತಾಣದಲ್ಲಿವೆ. ಆದರೆ ಒಂದು ಇಂಗ್ಲಿಷಿನಲ್ಲಿ, ಇನ್ನೊಂದು ಹೆಚ್ಚಾಗಿ ಇಂಗ್ಲಿಷ್, ಹಿಂದಿಯಲ್ಲಿ. ಕನ್ನಡದಲ್ಲಿ ಪಿಯುಸಿವರೆಗೆ ಸರ್ಕಾರದ ಪಠ್ಯಪುಸ್ತಕ ಪಿಡಿಎಫ್ ಆಗಿ ಸಿಗುತ್ತದೆ, ಬಿ.ಎ.ಗೆ ಕಾಲಿಟ್ಟ ಹುಡುಗಿಗೆ ಅಂಥ ಆಸರೆ ಇಲ್ಲ.

ಓಪನ್‌ಸ್ಟಾಕ್ಸ್‌ನ ಆ ಪುಸ್ತಕದಲ್ಲಿ ನನಗೆ ಮುಖ್ಯವೆನಿಸುವುದು ಬೆಲೆಯಿಲ್ಲದಿರುವುದಲ್ಲ, ಅದರ ಪರವಾನಗಿ. ಮೂಲವನ್ನು ಹೆಸರಿಸಿ ಯಾರಾದರೂ ಅನುವಾದಿಸಬಹುದು, ತಿದ್ದಬಹುದು, ಸೇರಿಸಬಹುದು, ಅಚ್ಚು ಹಾಕಬಹುದು. ಅದರ ಉದಾಹರಣೆಗಳು ಬಹುಪಾಲು ಅಮೆರಿಕದವು. ಅವನ್ನು ತೆಗೆದು ನಮ್ಮವನ್ನು ಹಾಕಲು ಅಡ್ಡಿಯಿಲ್ಲ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. ಅದರ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರ ಸೇರಿದವರ ಮೊಮ್ಮಕ್ಕಳು ನಮ್ಮ ಬೆಂಚುಗಳಲ್ಲಿ ಕೂತಿದ್ದಾರೆ. ಸ್ಥಳಾಂತರದ ಪಾಠ ಅವರ ಅಜ್ಜಿಯ ಮಾತಿನಿಂದಲೇ ಶುರುವಾಗಬಹುದು: ಮುಳುಗಿದ ಹೊಲ, ಪರಿಹಾರದ ಹಣ ಯಾರ ಕೈಗೆ ಬಂತು, ಹೊಸ ಊರಿನ ಓಣಿಗಳಲ್ಲಿ ಯಾರ ಪಕ್ಕ ಯಾರಿಗೆ ಮನೆ ಸಿಕ್ಕಿತು. ವಲಸೆಯ ಪಾಠದಲ್ಲಿ, "ಅವರಪ್ಪ ಅವ್ವ ದುಡಿಯಾಕ ಹೋಗ್ಯಾರ್ರಿ" ಎಂದು ಗೆಳೆಯರು ಹೇಳುವ ಗೈರುಹಾಜರಿ ಮಕ್ಕಳೇ ಉದಾಹರಣೆ. ಕೊಂಡ ಪುಸ್ತಕದಲ್ಲಿ ಇದನ್ನು ಸೇರಿಸುವ ಹಕ್ಕು ನನಗಿಲ್ಲ.

ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಮತ್ತು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಕೂಡಿ ಕನ್ನಡದಲ್ಲಿ ಇಂಥ ಪಠ್ಯ ಸಿದ್ಧಪಡಿಸುವ ಕೆಲಸ ಕೈಗೆತ್ತಿಕೊಳ್ಳಬೇಕು. ಸಮಾಜಶಾಸ್ತ್ರ, ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಕ್ಕೆ ಒಂದೊಂದು ಮುಕ್ತ ಪಠ್ಯ ಸಾಕು, ಮೊದಲಿಗೆ. ಪಠ್ಯಕ್ರಮ ಬದಲಾದರೆ ಅಧ್ಯಾಯ ತಿದ್ದಿದರಾಯಿತು. ಬರೆಯುವವರಿಗೆ, ಅದರಲ್ಲೂ ಅತಿಥಿ ಉಪನ್ಯಾಸಕರಿಗೆ, ಸಂಭಾವನೆ ಕೊಡಲೇಬೇಕು. ಓದುವವರಿಗೆ ಪುಕ್ಕಟೆ ಎಂದರೆ ಬರೆಯುವವರ ದುಡಿಮೆಯೂ ಪುಕ್ಕಟೆ ಎಂದಲ್ಲ. ಗ್ರಂಥಾಲಯಗಳಿಗೆ ಅಚ್ಚಿನ ಪ್ರತಿಗಳು ಹೋಗಲಿ, ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯವರೂ ಅಂಜದೆ ಪ್ರತಿ ಮಾಡಿಕೊಡಲಿ. ವಲಸೆಯ ಅಧ್ಯಾಯ ಬರೆದುಕೊಡಲು ನಾನು ತಯಾರಿದ್ದೇನೆ.